ವರನಿಗಾಗಿ ಅಲ್ಲ, ಕೂಸೇ

ಕೂಸೇ, ನಮ್ಮ ಚಾಮರಾಜನಗರದ ಕಡೆ ಹೆಣ್ಣುಮಕ್ಕಳ ತೂಕದ ಮಾತು ಬಂತೆಂದರೆ ಅದರ ಬೆನ್ನಿಗೇ ಗಂಡಿನ ಮಾತು ಬರುತ್ತದೆ. 'ಹಿಂಗೆ ದಪ್ಪಗಾದ್ರೆ ಯಾರು ಒಪ್ತಾರೆ?' ಹೆಣ್ಣನ್ನೇ ಪ್ರೀತಿಸುವ ನಿನ್ನಂಥವಳನ್ನು ಈ ಮಾತು ಎರಡು ಸಲ ಚುಚ್ಚುತ್ತದೆ. ಸಣ್ಣಗಾದರೆ ವರ ನೋಡಲು ಬಂದಾರು ಎಂಬ ಅಳುಕಿಗೇ ಮೈಯನ್ನು ಹಾಗೇ ಬಿಟ್ಟುಕೊಂಡವರೂ ಇದ್ದಾರು. ಮೊದಲು ಈ ಗಂಟು ಬಿಡಿಸು. ನೋಯುವ ಮಂಡಿ ನಿನ್ನದು, ಸಕ್ಕರೆ ಕಾಯಿಲೆ ಬಂದರೆ ನರಳುವವಳೂ ನೀನೇ.

ಒಬ್ಬಳೇ ಹೆಣಗಬೇಡ. ಅಮೆರಿಕ ಸರ್ಕಾರದ ಮಹಿಳಾ ಆರೋಗ್ಯ ಕಚೇರಿ 2012ರಲ್ಲಿ ಲೆಸ್ಬಿಯನ್, ಬೈಸೆಕ್ಷುವಲ್ ಹೆಂಗಸರಿಗೆಂದೇ ಐದು ಕಾರ್ಯಕ್ರಮಗಳಿಗೆ ಬೆಂಬಲ ಕೊಟ್ಟಿತು. 12 ವಾರ, 16 ವಾರ ಗುಂಪಾಗಿ ಸೇರಿ ಊಟ, ನಡಿಗೆ ಕಲಿತರು. ಹೆಚ್ಚಿನವರಿಗೆ ಏನಾದರೊಂದು ಗುಣ ಕಂಡಿತು. ಗುಂಡ್ಲುಪೇಟೆಯಲ್ಲಿ ಅಷ್ಟು ದೊಡ್ಡ ಕೂಟ ಬೇಕಿಲ್ಲ, ನಂಬಿಕೆಯ ಇಬ್ಬರು ಮೂವರು ಸಾಕು.

ನೀನು ಯಾರೆಂದು ಊರಿಗೆಲ್ಲ ಹೇಳಲೇಬೇಕೆಂದಿಲ್ಲ. ಈ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ, ನಿಜ. ಆದರೆ ತೆರಕಣಾಂಬಿ ಬಸ್ಸಿನಲ್ಲಿ ನಿನ್ನ ಪಕ್ಕ ಕೂತವರಿಗೆ ಅದು ಇನ್ನೂ ಮುಟ್ಟಿರಲಿಕ್ಕಿಲ್ಲ. ಅದಕ್ಕೇ ಗುಂಪಿನಲ್ಲಿ ಒಬ್ಬಳ ಗುಟ್ಟು ಇನ್ನೊಬ್ಬಳ ಬಾಯಿಂದ ಹೊರಬೀಳಬಾರದು, ಜೊತೆಯ ಫೋಟೊ ಸ್ಟೇಟಸ್ಸಿಗೆ ಏರಬಾರದು. ತಕ್ಕಡಿಗಿಂತ ಇದು ಮುಖ್ಯ. ಯಾರ ತೂಕವನ್ನೂ ಎಲ್ಲರೆದುರು ಓದಿ ಹೇಳಬೇಡಿ. ಒಂದು ವಾರ ಬಾರದವಳಿಗೆ ಫೋನ್ ಮಾಡಿ ವಿಚಾರಿಸಿ, ಬೈಯಬೇಡಿ.

ಹಿಟ್ಟು ಬಿಡು ಎಂದವರ ಮಾತು ಕೇಳಬೇಡ. ಮುದ್ದೆ ಚಿಕ್ಕದಾಗಲಿ, ಉಪ್ಸಾರಿನ ಸೊಪ್ಪು, ಕಾಳು ತಟ್ಟೆಯಲ್ಲಿ ಹೆಚ್ಚಲಿ. ಸಂಜೆಯ ಬೋಂಡ, ಸಕ್ಕರೆ ಸುರಿದ ಟೀ ಕಡಿಮೆಯಾಗಲಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಬಂಡೀಪುರದ ಕಾಡಂಚಿನಲ್ಲಿ ಮಾತ್ರ ನಸುಕಿಗೆ ಬೇಡ, ಆನೆ ಓಡಾಡುವ ಹೊತ್ತು. 80 ಕೆ.ಜಿ. ಇದ್ದವಳು ನಾಲ್ಕು ಕೆ.ಜಿ. ಇಳಿದರೂ ಬಿಪಿ, ಸಕ್ಕರೆಗೆ ಒಳ್ಳೆಯದೇ. ಸೊಂಟದ ಸುತ್ತಳತೆ 80 ಸೆಂ.ಮೀ. ಮುಟ್ಟಿದ್ದರೆ ತಡಮಾಡದೆ ತೋರಿಸು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಪುಕ್ಕಟೆ.

ಮನೆಯವರ ಮಾತಿಗೆ ನೊಂದು ರಾತ್ರಿ ಡಬ್ಬಿ ಖಾಲಿ ಮಾಡುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಅದನ್ನು ನಾಲಿಗೆ ಚಪಲ ಎನ್ನಬೇಡಿ. ಅದು ಸಂಕಟ. ಅವಳ ಪಕ್ಕ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ. ಟೆಲಿ ಮಾನಸ್‌ನಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ.