ಮರವನ್ನು ಓದುವ ವಿದ್ಯೆ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಒಂದು ಹೋಬಳಿ ಕೇಂದ್ರ. ಬಯಲುಸೀಮೆಯ ಇಂತಹ ಊರುಗಳಲ್ಲಿ ಹಿಂದೆ ಬಡಗಿಯ ಅಂಗಳವೇ ರೈತನ ಕಾರ್ಖಾನೆಯಾಗಿದ್ದಿತು. ಮುಂಗಾರು ಸಮೀಪಿಸಿತೆಂದರೆ ಅಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ರಾಶಿ ಬೀಳುತ್ತಿದ್ದಿತು. ಮುರಿದುದನ್ನು ಕೂಡಿಸುವುದು, ಸವೆದುದನ್ನು ಬದಲಾಯಿಸುವುದು, ಬಂಡಿಯ ಗುಂಬಕ್ಕೆ ಅರೆಕಾಲು ಹೊಡೆಯುವುದು, ಹೊಸ ಮನೆಗೆ ಬಾಗಿಲು ಮಾಡುವುದು, ಮಗುವಿಗೆ ತೊಟ್ಟಿಲು ಕಟ್ಟುವುದು ಎಲ್ಲವೂ ಅವನ ಕೆಲಸಗಳೇ. ಇದಕ್ಕೆ ಪ್ರತಿಯಾಗಿ ಸುಗ್ಗಿಯ ಕಾಲದಲ್ಲಿ ರೈತರು ಕಣದಲ್ಲಿಯೇ ಅವನಿಗೆ ಆಯದ ಧಾನ್ಯವನ್ನು ಅಳೆದು ಕೊಡುತ್ತಿದ್ದರು.

ಆ ಬಡಗಿಯ ಬಳಿ ನಕ್ಷೆಯಿರಲಿಲ್ಲ, ಪುಸ್ತಕವೂ ಇರಲಿಲ್ಲ. ಆದರೆ ನೇಗಿಲಿಗೆ ಮರವನ್ನು ಆರಿಸುವಾಗ ಅವನು ನೆಟ್ಟಗಿನ ದಿಮ್ಮಿಯನ್ನು ಬಿಟ್ಟು, ತಾನಾಗಿಯೇ ಬಾಗಿ ಬೆಳೆದ ಜಾಲಿಯ ಕೊಂಬೆಯನ್ನು ಹುಡುಕುತ್ತಿದ್ದನು. ಬಾಗಿದ ಕೊಂಬೆಯಲ್ಲಿ ಮರದ ಎಳೆಗಳೂ ಬಾಗಿಕೊಂಡೇ ಸಾಗುತ್ತವೆ. ನೇರವಾದ ಮರವನ್ನು ಬಾಗಿದಂತೆ ಕೆತ್ತಿದರೆ ಎಳೆಗಳು ನಡುವೆ ತುಂಡಾಗಿ ನೇಗಿಲು ಬೇಗನೆ ಸೀಳುತ್ತದೆ. ಇದನ್ನು ಅವನು ಅಕ್ಷರಗಳಿಂದ ಓದಿ ಕಲಿತಿರಲಿಲ್ಲ, ಮರವನ್ನೇ ಓದಿ ಕಲಿತಿದ್ದನು.

ಆದರೆ ಈ ವಿದ್ಯೆಗೆ ಒಂದು ಗೋಡೆಯಿದ್ದಿತು. ಅದು ತಂದೆಯಿಂದ ಮಗನಿಗೆ, ಒಂದೇ ಕುಲದ ಮನೆಗಳಲ್ಲಿ ಹರಿದುಬರುತ್ತಿದ್ದಿತು. ಬೇರೆ ಮನೆಯ ಬಾಲಕನಿಗೆ ಉಳಿ ಹಿಡಿಯುವ ಆಸೆಯಿದ್ದರೂ ಕಲಿಸುವವರು ಸಿಗುವುದು ಅಪರೂಪ. ಕಸಬಿನ ಮನೆಯಲ್ಲಿಯೇ ಹುಟ್ಟಿದವನಿಗೆ ಬೇರೆಯದನ್ನು ಕಲಿಯುವ ಅವಕಾಶವೂ ಅಷ್ಟೇ ಅಪರೂಪ. ಈ ಗೋಡೆಯಲ್ಲಿ ಬಾಗಿಲನ್ನು ತೆರೆದವು ಕೈಗಾರಿಕಾ ಶಾಲೆಗಳು.

ನಮ್ಮ ನಾಡಿನಲ್ಲಿ ಇಂತಹ ಶಾಲೆಗಳ ಪೈಕಿ ಹೆಸರಾದುದು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಕಟ್ಟಿಸಿದ ಈ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರರು ಅಸ್ತಿಭಾರವನ್ನು ಹಾಕಿದರು. ಅದು ಮೈಸೂರಿನ ಕುಶಲಕರ್ಮಿಗಳಿಗೆ ಸುಗ್ಗಿಯ ಕಾಲ. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ಆರಂಭವಾದ ಹೊಸ ಅರಮನೆಯ ಕೆಲಸವು 1912ರವರೆಗೂ ನಡೆಯಿತು. ತೇಗದ ಕೆತ್ತನೆಯ ಛಾವಣಿ, ಬೀಟೆಯ ಮರದಲ್ಲಿ ದಂತವನ್ನು ಕೂರಿಸಿದ ಬಾಗಿಲುಗಳು ಇಂದಿಗೂ ಆ ಕಾಲದ ಕೈಗಳಿಗೆ ಸಾಕ್ಷಿಯಾಗಿವೆ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕೈಗಾರಿಕಾ ಶಿಕ್ಷಣಕ್ಕೆ ಹೆಚ್ಚಿನ ಒತ್ತು ಕೊಟ್ಟರು. ಮರಗೆಲಸ, ಗಂಧದ ಕೆತ್ತನೆ, ಲೋಹದ ಕೆಲಸ, ಚಿತ್ರಕಲೆ ಇವೆಲ್ಲವೂ ಒಂದೇ ಸೂರಿನ ಕೆಳಗೆ ಪಾಠದ ವಿಷಯಗಳಾದವು.

ಹಿರೇಗುಂಟನೂರಿನಂತಹ ಊರಿನಿಂದ ಮರಗೆಲಸದ ಶಾಲೆಗೆ ಹೋದ ಒಬ್ಬ ಬಾಲಕನನ್ನು ನಾವು ಊಹಿಸಿಕೊಳ್ಳೋಣ. ಹೋದ ದಿನವೇ ಕುರ್ಚಿ, ಮೇಜುಗಳನ್ನು ಮಾಡುವೆನೆಂದು ಅವನು ಎಣಿಸಿರುತ್ತಾನೆ. ಆದರೆ ಅವನ ಕೈಗೆ ಮೊದಲು ಬರುವುದು ಸಾಣೆಕಲ್ಲು. ಉಳಿಯ ಬಾಯನ್ನೂ ಹತ್ತರಿಯ ಅಲಗನ್ನೂ ಒಂದೇ ಕೋನದಲ್ಲಿ ಹಿಡಿದು ಮಸೆಯುವುದೇ ಮೊದಲ ಪಾಠ. ಕೈ ಸ್ವಲ್ಪ ಅಲುಗಿದರೂ ಅಂಚು ದುಂಡಗಾಗುತ್ತದೆ. ಮೊಂಡಾದ ಉಳಿಯು ಹರಿತವಾದ ಉಳಿಗಿಂತ ಅಪಾಯಕರವೆಂಬುದನ್ನು ಅವನು ಅಲ್ಲಿಯೇ ಅರಿಯುತ್ತಾನೆ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕು. ಬಲ ಹೆಚ್ಚಿದಷ್ಟೂ ಅದು ಜಾರಿ ಕೈಗೆ ತಾಗುವ ಸಂಭವವೂ ಹೆಚ್ಚು.

ಎರಡನೆಯ ಪಾಠ ಒಂದು ಮರದ ತುಂಡನ್ನು ಚೌಕ ಮಾಡುವುದು. ಕೇಳುವುದಕ್ಕೆ ಇದು ಸುಲಭ. ಮೊದಲು ಒಂದು ಮುಖವನ್ನು ಹತ್ತರಿಯಿಂದ ಸಮ ಮಾಡಬೇಕು. ಅದನ್ನು ಆಧಾರವಾಗಿಟ್ಟುಕೊಂಡು ಪಕ್ಕದ ಅಂಚನ್ನು ಸರಿಪಡಿಸಿ, ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಮಟ್ಟಕ್ಕೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಕೆಲಸ ಮುಗಿದಿಲ್ಲ. ಎಳೆಗಳಿಗೆ ಎದುರಾಗಿ ಹತ್ತರಿಯನ್ನು ನೂಕಿದರೆ ಮರವು ಕಿತ್ತು ಬರುತ್ತದೆ. ಎಳೆಗಳು ಸಾಗುವತ್ತ ನೂಕಿದರೆ ರೇಷ್ಮೆಯಂತೆ ನುಣುಪಾಗುತ್ತದೆ. ಆದ್ದರಿಂದ ಹತ್ತರಿಯನ್ನು ಹಿಡಿಯುವ ಮುನ್ನ ಮರದ ಪಕ್ಕವನ್ನು ನೋಡಿ, ಎಳೆಗಳು ಯಾವ ಕಡೆಗೆ ಏರುತ್ತವೆ ಎಂಬುದನ್ನು ಓದಿಕೊಳ್ಳಬೇಕು.

ಆಮೇಲೆ ಜೋಡಣೆಯ ಪಾಠ. ಒಂದು ತುಂಡಿನಲ್ಲಿ ಚೌಕವಾದ ಗುಳಿಯನ್ನು ತೋಡಿ, ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಹೊಂದುವ ನಾಲಗೆಯನ್ನು ಬಿಟ್ಟು ಕೂಡಿಸಿದರೆ ಮೊಳೆಯಿಲ್ಲದೆಯೇ ಕುರ್ಚಿಯ ಕಾಲು ನಿಲ್ಲುತ್ತದೆ. ಪೆಟ್ಟಿಗೆಯ ಮೂಲೆಗಳಲ್ಲಿ ನಾಲಗೆಯನ್ನು ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲ ಮಾಡುತ್ತಾರೆ. ಮೇಜಿನ ಖಾನೆಯನ್ನು ದಿನಕ್ಕೆ ಹತ್ತು ಸಲ ಎಳೆದರೂ ಆ ಜೋಡಣೆ ಬಿಚ್ಚಿಕೊಳ್ಳುವುದಿಲ್ಲ.

ಇಷ್ಟು ಕಲಿತ ಬಾಲಕನು ಆಷಾಢದಲ್ಲಿ ತನ್ನ ಮೊದಲ ಮೇಜನ್ನು ಮಾಡಿದನೆನ್ನೋಣ. ಅಳತೆ ಸರಿ, ಮೂಲೆ ಸರಿ. ಮೇಲ್ಹಲಗೆಯನ್ನು ಅಲುಗಾಡದಂತೆ ಚೌಕಟ್ಟಿಗೆ ಅಂಟು ಹಾಕಿ, ಮೊಳೆ ಹೊಡೆದು ಬಿಗಿದನು. ಫಾಲ್ಗುಣದ ಬಿಸಿಲು ಬರುವಷ್ಟರಲ್ಲಿ ಹಲಗೆಯು ನಡುವೆ ಉದ್ದಕ್ಕೂ ಸೀಳಿತು. ಅವನು ಕಣ್ಣೀರು ತಡೆದುಕೊಂಡು ಕೇಳಿದನು:

“ಮೇಷ್ಟ್ರೇ, ಅಳತೆಯಲ್ಲಿ ತಪ್ಪಿರಲಿಲ್ಲ. ಜೋಡಣೆಯೂ ಸಡಿಲವಾಗಿರಲಿಲ್ಲ. ಹಲಗೆ ಏಕೆ ಸೀಳಿತು?”

“ಸಡಿಲವಾಗಿರಲಿಲ್ಲ, ಅದೇ ತಪ್ಪಪ್ಪಾ! ಬಿಗಿ ಇರಬೇಕಾದ ಕಡೆ ಬಿಗಿ ಇರಬೇಕು, ಸರಿದಾಡಬೇಕಾದ ಕಡೆ ಎಡೆ ಇರಬೇಕು. ಊರಿಗೆ ಹೋದಾಗ ಹಳೆಯ ಮನೆಯ ಬಾಗಿಲೊಂದನ್ನು ಸರಿಯಾಗಿ ನೋಡಿ ಬಾ,” ಎಂದರು ಗುರುಗಳು.

ಈ ಮಾತಿನ ಹಿಂದೆ ಒಂದು ವಿಜ್ಞಾನವಿದೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಟೊಳ್ಳಿನಲ್ಲಿ ಹಾಗೂ ಕೋಶಗಳ ಗೋಡೆಯಲ್ಲಿ. ಮರ ಒಣಗುವಾಗ ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ಮರವು ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ತೇವಾಂಶವು ಒಣಮರದ ತೂಕದ ಶೇಕಡಾ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಗಳ ನೀರು ಹೊರಡುತ್ತದೆ. ಕುಗ್ಗುವಿಕೆ ಆಗ ಆರಂಭವಾಗುತ್ತದೆ. ಅದೂ ಎಲ್ಲ ಕಡೆಗೂ ಸಮನಾಗಿರುವುದಿಲ್ಲ. ಉದ್ದಕ್ಕೆ ಕುಗ್ಗುವುದು ತೀರ ಅತ್ಯಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ವರ್ಷದ ಬಳೆಗಳ ಗುಂಟ ಕುಗ್ಗುವುದು ಸಾಮಾನ್ಯವಾಗಿ ಸುಮಾರು ಎರಡು ಪಟ್ಟು ಹೆಚ್ಚು. ಪೀಠೋಪಕರಣದ ಮರವನ್ನು ಶೇಕಡಾ 12ರ ಸುಮಾರಿಗೆ ಒಣಗಿಸುತ್ತಾರೆ. ಹಾಗೆ ಒಣಗಿದ ಮರವೂ ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಮಲೆನಾಡಿನ ಮಳೆಯಲ್ಲಿ ಮಾಡಿದ ಮೇಜನ್ನು ಚಿತ್ರದುರ್ಗದ ಒಣಹವೆಗೆ ತಂದರೆ ಅದು ಕಿರಿದಾಗದೆ ಇರದು. ಅಂಟು ಹಾಗೂ ಮೊಳೆಗಳಿಂದ ಬಿಗಿದ ಹಲಗೆಗೆ ಕುಗ್ಗಲು ಎಡೆಯಿಲ್ಲದಿದ್ದರೆ, ಅದು ಸೀಳಿಕೊಂಡು ಎಡೆಯನ್ನು ಮಾಡಿಕೊಳ್ಳುತ್ತದೆ.

ಮುಂದಿನ ರಜೆಯಲ್ಲಿ ಬಾಲಕನು ಊರಿನ ಹಳೆಯ ಬಾಗಿಲೊಂದರ ಮುಂದೆ ನಿಂತನು. ಚೌಕಟ್ಟಿನ ಒಳಗಂಚಿನಲ್ಲಿ ಗಾಡಿ ತೆಗೆದು, ಅದರೊಳಗೆ ನಡುವಿನ ಹಲಗೆಯನ್ನು ಇಳಿಸಿದ್ದಿತು. ಅಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಬೇಸಿಗೆಯಾದುದರಿಂದ ಹಲಗೆ ಕುಗ್ಗಿ, ಅಂಚಿನಲ್ಲಿ ಬಣ್ಣ ತಾಗದ ಒಂದು ತೆಳುವಾದ ಗೆರೆ ಕಾಣಿಸುತ್ತಿದ್ದಿತು. ಅದನ್ನು ಮಾಡಿದ ವೃದ್ಧ ಬಡಗಿಯನ್ನು ಹುಡುಕಿಕೊಂಡು ಹೋಗಿ, “ಆಚಾರ್ರೇ, ಇಲ್ಲಿ ಅಂಟು ಏಕೆ ಹಾಕಲಿಲ್ಲ?” ಎಂದು ಕೇಳಿದನು. ಮುದುಕನು ನಕ್ಕು, “ಎಡೆ ಬಿಡದಿದ್ದರೆ ಮರ ಮುನಿಸಿಕೊಳ್ಳುತ್ತದೆ, ಮಗಾ,” ಎಂದನು. ಶಾಲೆಯಲ್ಲಿ ಶೇಕಡಾವಾರು ಲೆಕ್ಕದಲ್ಲಿ ಕಲಿತದ್ದು, ಅಂಗಳದಲ್ಲಿ ಒಂದೇ ಮಾತಿನಲ್ಲಿ ಬಾಳಿಕೊಂಡಿದ್ದಿತು.

ಕುಶಲಕೆಲಸವೆಂದರೆ ಹಳೆಯದನ್ನು ಹಾಗೆಯೇ ಮಾಡುತ್ತ ಹೋಗುವುದಲ್ಲ. ಮೈಸೂರಿನ ಇನ್‌ಲೇ ಕೆಲಸವನ್ನೇ ನೋಡಿ. ಬೀಟೆಯ ಹಲಗೆಯ ಮೇಲೆ ಚಿತ್ರವನ್ನು ಬರೆದು, ಆ ಆಕಾರಕ್ಕೆ ತಕ್ಕಂತೆ ಗುಳಿ ತೋಡಿ, ಅದೇ ಆಕಾರದಲ್ಲಿ ಕೊಯ್ದ ತುಣುಕುಗಳನ್ನು ಅಂಟಿನಿಂದ ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಒಂದು ಕಾಲದಲ್ಲಿ ಈ ತುಣುಕುಗಳಿಗೆ ಆನೆಯ ದಂತ ಬೇಕಾಗಿದ್ದಿತು. ದಂತಕ್ಕಾಗಿ ಆನೆಗಳು ಹತವಾಗುತ್ತಿದ್ದುದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ಆದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಲ್ಲಿಸಿದವು. ಕಲೆ ಸಾಯಲಿಲ್ಲ. ಕುಶಲಕರ್ಮಿಗಳು ಹಲಸಿನ ಹಳದಿ, ಕರಿಮರದ ಕಪ್ಪು ಮೊದಲಾಗಿ ಮರಗಳ ಸಹಜ ಬಣ್ಣಗಳಿಂದಲೇ ಚಿತ್ರಗಳನ್ನು ತುಂಬುತ್ತಾರೆ. ಈ ಕಲೆಗೆ 2005–06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೀಟೆಯೂ ಅಪರೂಪವಾಗುತ್ತಿರುವುದರಿಂದ 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ನಿಯಂತ್ರಣಕ್ಕೆ ಒಳಪಟ್ಟಿದೆ. ಮರವನ್ನು ಪ್ರೀತಿಸುವವನು ಕಾಡನ್ನೂ ಉಳಿಸಿಕೊಳ್ಳಬೇಕಲ್ಲವೆ?

ಮರಗೆಲಸವು ಮರಗೆಲಸದವರಿಗೆ ಮಾತ್ರ ಬೇಕಾದ ವಿದ್ಯೆಯೆಂದು ತಿಳಿಯಬಾರದು. ಸ್ವೀಡನ್ ದೇಶದ ನೇಸ್ ಎಂಬಲ್ಲಿ ಆಟ್ಟೊ ಸಾಲೊಮನ್ ಎಂಬುವರು 1870ರ ದಶಕದಲ್ಲಿಯೇ ಶಾಲಾ ಶಿಕ್ಷಕರಿಗೆ ಮರಗೆಲಸ ಕಲಿಸುವ ವಿದ್ಯಾಲಯವನ್ನು ನಡೆಸಿದರು. ಕೈ ಪಳಗಿದರೆ ಬುದ್ಧಿಯೂ ನಿಖರವಾಗುತ್ತದೆಂಬುದು ಅವರ ನಂಬಿಕೆ. ನಮ್ಮಲ್ಲಿ 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿಯೂ ನೂಲುವುದು, ನೇಯುವುದು, ಬೇಸಾಯಗಳ ಜೊತೆಗೆ ಮರಗೆಲಸಕ್ಕೆ ಸ್ಥಾನವಿದ್ದಿತು. ಬರೆಹದಲ್ಲಿ ತಪ್ಪಾದರೆ ಅಳಿಸಿ ತಿದ್ದಬಹುದು. ಗೆರೆ ದಾಟಿ ಕೊಯ್ದ ಮರವನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಉಳಿ ಹಿಡಿದವನು ಮಾಡುವ ಮುನ್ನ ಯೋಚಿಸುವುದನ್ನು ಕಲಿಯುತ್ತಾನೆ.

ಇಂದು ಟ್ರ್ಯಾಕ್ಟರು ಬಂದಿದೆ, ಕಬ್ಬಿಣದ ನೇಗಿಲು ಬಂದಿದೆ. ಬಡಗಿಯ ಅಂಗಳದಲ್ಲಿ ಮೊದಲಿನ ಸದ್ದಿಲ್ಲ. ಅವನೊಡನೆ ಆ ಅರಿವೂ ಅಳಿದುಹೋಗಬೇಕೆ? ಮರದ ಗುಣಗಳನ್ನು ಕುರಿತು ಸಂಶೋಧನೆ ನಡೆಸಲು ಬೆಂಗಳೂರಿನಲ್ಲಿ 1938ರಲ್ಲಿ ಆರಂಭವಾದ ಪ್ರಯೋಗಾಲಯವು 1988ರಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಕೊಯ್ಯಲು, ನುಣುಪು ಮಾಡಲು, ಕೆತ್ತಲು ಯಂತ್ರಗಳಿವೆ. ಆದರೆ ಯಾವ ಹಲಗೆ ಯಾವ ಕಡೆಗೆ ಬಾಗುವುದು, ಎಲ್ಲಿ ಬಿಗಿಯಬೇಕು, ಎಲ್ಲಿ ಎಡೆ ಬಿಡಬೇಕು ಎಂಬುದನ್ನು ತಿಳಿಯದವನ ಕೈಯಲ್ಲಿ ಯಂತ್ರವು ತಪ್ಪನ್ನೇ ಬೇಗ ಬೇಗನೆ ಮಾಡುತ್ತದೆ.

ನೀವು ಇಂದು ಮನೆಗೆ ಹೋದಾಗ ನಿಮ್ಮ ಮನೆಯ ಇಲ್ಲವೆ ನೆರೆಯ ಹಳೆಯ ಬಾಗಿಲನ್ನೊಮ್ಮೆ ಹತ್ತಿರದಿಂದ ನೋಡಿರಿ. ಅದರ ಎಳೆಗಳು ಯಾವ ಕಡೆಗೆ ಸಾಗಿವೆ, ಹಲಗೆಯ ಅಂಚಿನಲ್ಲಿ ಎಡೆಯಿದೆಯೆ ಎಂದು ಪರೀಕ್ಷಿಸಿರಿ. ಅದನ್ನು ಮಾಡಿದವನ ಹೆಸರು ನಿಮಗೆ ತಿಳಿದಿರಲಾರದು. ಆದರೆ ಅವನು ಬರೆದಿಟ್ಟ ಪಾಠವನ್ನು ನೀವು ಓದಬಲ್ಲಿರಿ.

ಅಭ್ಯಾಸ

1. ನೇಗಿಲಿಗೆ ಬಾಗಿ ಬೆಳೆದ ಕೊಂಬೆಯನ್ನೇ ಆರಿಸುತ್ತಿದ್ದುದು ಏಕೆ?
2. ಬಾಲಕನ ಮೇಜಿನ ಹಲಗೆ ಸೀಳಲು ಕಾರಣವೇನು? ಹಳೆಯ ಬಾಗಿಲು ಸೀಳದೆ ಉಳಿದುದು ಹೇಗೆ?
3. ದಂತದ ಬಳಕೆ ನಿಂತ ಮೇಲೆ ಇನ್‌ಲೇ ಕಲೆ ಹೇಗೆ ಮುಂದುವರಿಯಿತು?
4. “ಎಡೆ ಬಿಡದಿದ್ದರೆ ಮರ ಮುನಿಸಿಕೊಳ್ಳುತ್ತದೆ” – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.