ಮರದ ದೋಣಿ ನೋಡಲು ಹೊರಟವರಿಗೆ ನಾಲ್ಕು ಕಿವಿಮಾತು

ಆಸ್ಟ್ರೇಲಿಯಾದ ಹೋಬರ್ಟ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಮರದ ದೋಣಿಗಳ ದೊಡ್ಡ ಜಾತ್ರೆ ನಡೆಯುತ್ತದೆ. ಶುರುವಾದದ್ದು 1994ರಲ್ಲಿ. ಅದರ ವಿಡಿಯೊ ನೋಡಿ ‘ನಮ್ಮಲ್ಲಿ ಇಂಥದ್ದೊಂದಿಲ್ಲವಲ್ಲ ಅಂಕಲ್’ ಎಂದು ಬೆಂಗಳೂರಿನ ನಮ್ಮ ವಿಜಯನಗರದ ಹುಡುಗರು ಕೊರಗುತ್ತಾರೆ. ಇದೆ ಕಣ್ರಪ್ಪ. ಟಿಕೆಟ್ಟು, ಬ್ಯಾನರು ಇಲ್ಲ, ಅಷ್ಟೇ. ಮಳೆಗಾಲದಲ್ಲಿ ಗುಂಪು ಕಟ್ಟಿಕೊಂಡು ಕರಾವಳಿಗೆ ಇಳಿಯಿರಿ. ಹೋಗುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ.

• ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿಯಲ್ಲಿ ರಿಪೇರಿ ಕೆಲಸ ನಡೆಯುವುದು ಆಗಲೇ. ತೇಲುವ ದೋಣಿಯ ಅರ್ಧ ಕುಶಲತೆ ನೀರಿನಡಿ ಅಡಗಿರುತ್ತದೆ. ದಡಕ್ಕೆ ಎಳೆದಾಗಲೇ ಅದರ ಹೊಟ್ಟೆ ಕಾಣಿಸುವುದು. ಈಗ ಕಬ್ಬಿಣ, ಫೈಬರ್‌ನವೇ ಜಾಸ್ತಿ. ಮರದ್ದು ಎಲ್ಲಿ ಮೇಲೆಳೆದಿದ್ದಾರೆಂದು ಅಲ್ಲಿಯವರನ್ನು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡು ಹೊರಡಿ.

• ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ನೇರ ಮೆಜೆಸ್ಟಿಕ್. ಅಲ್ಲಿಂದ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದು ಕುಂದಾಪುರದಲ್ಲಿ ಇಳಿಯಿರಿ. ಗಂಗೊಳ್ಳಿ ಇರುವುದು ಪಂಚಗಂಗಾವಳಿ ಕಡಲು ಸೇರುವಲ್ಲಿ. ಘಾಟಿಯಲ್ಲಿ ಮಣ್ಣು ಕುಸಿದರೆ ರೈಲು ನಿಲ್ಲುತ್ತದೆ. ಮಾರನೇ ದಿನವೇ ಆಫೀಸಿಗೆ ಹೋಗಲೇಬೇಕಾದವರು ಈ ಗುಂಪಿಗೆ ಸೇರಬೇಡಿ.

• ಹೋಗುವ ಹಿಂದಿನ ವಾರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಒಂದು ಸುತ್ತು ಹೋಗಿಬನ್ನಿ. ಸಾಗುವಾನಿ ಯಾವುದು, ಹೊನ್ನೆ ಯಾವುದು, ಹಲಸು ಯಾವುದು ಎಂದು ಮುಟ್ಟಿ, ಮೂಸಿ ತಿಳಿದುಕೊಳ್ಳಿ. ಕರಾವಳಿಯ ದೋಣಿಗೆ ಹೇಳಿಮಾಡಿಸಿದ ಮರ ಹೆಬ್ಬಲಸು, ಮಲಯಾಳಿಗಳ ಆಂಜಿಲಿ. ನೆಟ್ಟಗೆ ಎತ್ತರಕ್ಕೆ ಬೆಳೆಯುವುದರಿಂದ ಉದ್ದುದ್ದ ಹಲಗೆ ಸಿಗುತ್ತದೆ, ನೀರಿಗೂ ಬೇಗ ಸೋಲುವುದಿಲ್ಲ. 1980ರಲ್ಲಿ ಸಾಹಸಯಾತ್ರಿ ಟಿಮ್ ಸೆವೆರಿನ್ ಒಮಾನಿನಲ್ಲಿ ಕಟ್ಟಿಸಿ ಚೀನಾದವರೆಗೆ ಹಾಯಿಸಿದ ‘ಸೊಹಾರ್’ ಹಡಗಿನ ಹಲಗೆಗಳು ಮಲಬಾರಿನಿಂದ ಹೋದ ಇದೇ ಮರದವು. ಮಸ್ಕತ್‌ನಲ್ಲಿ ನೆಂಟರಿದ್ದರೆ ಅಲ್ ಬುಸ್ತಾನ್ ಬಳಿಯ ವೃತ್ತದಲ್ಲಿ ನಿಲ್ಲಿಸಿರುವ ಆ ಹಡಗಿನ ಫೋಟೊ ತರಿಸಿಕೊಳ್ಳಿ.

• ದೋಣಿಯ ಹತ್ತಿರ ಹೋದಕೂಡಲೇ ಮೊಬೈಲ್ ಎತ್ತಬೇಡಿ. ಮೂತಿಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಲಗೆಯ ಸಾಲಿನುದ್ದಕ್ಕೂ ನೋಡಿ. ಬಾಗು ಎಲ್ಲೂ ತಡವರಿಸದೆ ಹರಿದಿದ್ದರೆ ಕಟ್ಟಿದವನ ಕೈ ಪಳಗಿದ್ದು. ಆಮೇಲೆ ಸಂದುಗಳಿಗೆ ಬನ್ನಿ, ಹತ್ತಿಯ ನೂಲನ್ನು ಹೇಗೆ ಬಡಿದು ತುಂಬಿದ್ದಾರೆ ಗಮನಿಸಿ. ಗುಂಡುಸೂಜಿ ತಲೆಯಷ್ಟೇ ತೂತು ಕಂಡರೆ ಕಡೆಗಣಿಸಬೇಡಿ. ಮರ ಕೊರೆಯುವ ಕಡಲಹುಳು ಒಳಗೆ ಸುರಂಗವನ್ನೇ ತೋಡಿರಬಹುದು. ಹುಳು ಎನ್ನುತ್ತೇವೆ, ವಾಸ್ತವದಲ್ಲಿ ಅದು ಕಪ್ಪೆಚಿಪ್ಪಿನ ಬಳಗದ್ದು. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು ಮರವನ್ನು ಇಂಥವುಗಳಿಂದ ಕಾಪಾಡಲು. ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಹೋಬರ್ಟ್‌ಗೇ ಹೋಗಲಿ.

• ಕೆಲಸದಲ್ಲಿರುವ ಆಚಾರಿಯನ್ನು ಬಾಚಿ ಎತ್ತಿದಾಗ ಮಾತಾಡಿಸಬೇಡಿ. ಚಾಕ್ಕೆ ಕೂತಾಗ ‘ಆಚಾರ್ರೇ, ಈ ಹಲಗೆ ಬಗ್ಗಿಸಿದ್ದು ಹೇಗೆ?’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ಬೆಲೆ ಎಷ್ಟು, ಲಾಭ ಎಷ್ಟು ಎಂದು ಶುರುಮಾಡಿದರೆ ಅವರು ಬೀಡಿ ಆರಿಸಿ ಎದ್ದುಹೋಗುತ್ತಾರೆ, ಹೋಗಬೇಕಾದದ್ದೇ.

• ಕೇಳದೆ ದೋಣಿ ಹತ್ತಬೇಡಿ. ಹತ್ತಿ ಎಂದರೆ ಚಪ್ಪಲಿ ಕೆಳಗೆ. ಹರಡಿದ ಬಲೆ ತುಳಿಯಬೇಡಿ.

• ತೇಲುವುದನ್ನೂ ನೋಡಬೇಕೆ? ಮಳೆ ಮುಗಿದ ಮೇಲೆ ಮಂಗಳೂರಿನ ಹಳೇ ಬಂದರಿಗೆ ಹೋಗಿ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ, ಮಂಜಿ ಎಂಬ ಮರದ ಹಡಗುಗಳು ಅಲ್ಲಿ ಸರಕು ತುಂಬಿಕೊಳ್ಳುತ್ತವೆ. ನನ್ನನ್ನು ಕೇಳಿದರೆ, ತರಕಾರಿ, ಸಿಮೆಂಟ್ ಹೊತ್ತು ನಿಂತ ಮಂಜಿಯ ಮುಂದೆ ಯಾವ ಪ್ರದರ್ಶನದ ಪಾಲಿಶ್ ದೋಣಿಯೂ ಸಪ್ಪೆ.

• ‘ಕೌಂಡಿನ್ಯ’ ನೋಡುತ್ತೇವೆಂದು ಕಾರವಾರಕ್ಕೆ ಓಡಬೇಡಿ. ಅದು ನೌಕಾಪಡೆಯ ಹಡಗು, ನೆಲೆಯ ಗೇಟಿನಲ್ಲೇ ನಿಲ್ಲಿಸುತ್ತಾರೆ. ಓದಿಕೊಳ್ಳಿ ಮಾತ್ರ. ಅಜಂತಾದ 5ನೇ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಗೋವಾದಲ್ಲಿ ಕಟ್ಟಿದ್ದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಡಿಸೆಂಬರ್ 29ಕ್ಕೆ ಪೋರಬಂದರು ಬಿಟ್ಟು, ಎಂಜಿನ್ ಇಲ್ಲದೆ, 2026ರ ಜನವರಿ 14ರಂದು ಮಸ್ಕತ್ ಮುಟ್ಟಿತು. ಹೊಲಿದ ಹಡಗು ಅಲೆಗೆ ಕೊಂಚ ಬಳುಕುತ್ತದೆ, ಅದೇ ಅದರ ಬಲ. ಹಾಯಿಯ ಮೇಲೆ ಗಂಡಭೇರುಂಡ ಇದೆ, ದಿನಾ ನಮ್ಮ ಸರ್ಕಾರಿ ಬಸ್ಸಿನ ಮೇಲೆ ನೋಡುತ್ತೀರಲ್ಲ, ಅದೇ ಹಕ್ಕಿ.

• ಗುಂಪಿನಲ್ಲಿ ಜಗಳ ಇರಲಿ. ಹಂಪಿಯ ಹರಿಗೋಲು ಬಿದಿರಿನದ್ದು, ಅದು ಮರದ ದೋಣಿಯೇ ಅಲ್ಲ ಎಂದು ನಮ್ಮವರೊಬ್ಬರ ಹಟ. ಪೋರ್ಚುಗೀಸ್ ಪ್ರವಾಸಿ ಪೇಸ್ 16ನೇ ಶತಮಾನದಲ್ಲೇ ಆನೆಗೊಂದಿಯ ಬುಟ್ಟಿದೋಣಿಗಳಲ್ಲಿ ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದವೆಂದು ಬರೆದಿದ್ದಾನೆ. ಕುದುರೆ ದಾಟಿಸಿದ್ದನ್ನು ದೋಣಿ ಎನ್ನಲು ನನಗೇನೂ ಅಡ್ಡಿಯಿಲ್ಲ. ಇಂಥ ವಾದವನ್ನು ರೈಲಿಗೆ ಇಟ್ಟುಕೊಳ್ಳಿ, ಹಾಸನ ಬರುವುದು ಗೊತ್ತಾಗುವುದಿಲ್ಲ. ದಡದಲ್ಲಿ ಮಾತ್ರ ಬೇರೆಬೇರೆಯಾಗಿ ತಿರುಗಿ: ಒಬ್ಬ ಮೊಳೆ ನೋಡಲಿ, ಒಬ್ಬಳು ಬರೆದುಕೊಳ್ಳಲಿ, ಒಬ್ಬ ಚುಕ್ಕಾಣಿಯ ಹತ್ತಿರ ಕೂರಲಿ. ಊಟದ ಹೊತ್ತಿಗೆ ಎಲ್ಲರ ಬಳಿಯೂ ಬೇರೆ ಬೇರೆ ಸುದ್ದಿ ಇರುತ್ತದೆ.

• ಒಂದು ಜೊತೆ ಚಪ್ಪಲಿ, ಎರಡು ಟವೆಲ್ ಹೆಚ್ಚಿಗೆ ಇರಲಿ. ಜುಲೈನಲ್ಲಿ ಕುಂದಾಪುರದಲ್ಲಿ ಏನೂ ಒಣಗುವುದಿಲ್ಲ.