ಸಗ್ವಾರೊ ಕಳ್ಳಿ: ಮರುಭೂಮಿಯ ಗಿಡವೂ ಸ್ಮಾರಕ ವಸ್ತುಗಳ ಚಿತ್ರವೂ

ಬೇಲಿಯ ಕಳ್ಳಿಯನ್ನು ಕಾಣದ ಒಕ್ಕಲುಮಗನಿಲ್ಲ. ಬಯಲುಸೀಮೆಯ ಹೊಲಗಳ ಅಂಚಿನಲ್ಲಿ ಎಂತಹ ಬೇಸಗೆಯಲ್ಲಿಯೂ ಹಸುರಾಗಿ ನಿಲ್ಲುವ ಇಂತಹ ಗಿಡಗಳನ್ನೆಲ್ಲ ಜನರು ಕಳ್ಳಿ ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಇವುಗಳಲ್ಲಿ ಎರಡು ಬೇರೆ ಬೇರೆ ವಂಶಗಳುಂಟು. ಕಡಿದೊಡನೆಯೇ ಬಿಳಿಯ ಹಾಲನ್ನು ಸುರಿಸುವ ಬೊಂತೆಗಳ್ಳಿ, ಎಲೆಗಳ್ಳಿ ಮೊದಲಾದುವು ಹರಳುಗಿಡದ ವಂಶಕ್ಕೆ ಸೇರಿದುವು. ಚಪ್ಪಟೆಯಾದ ಕಾಂಡವುಳ್ಳ, ಹಾಲಿಲ್ಲದ ಪಾಪಾಸುಕಳ್ಳಿಯಾದರೋ ಕ್ಯಾಕ್ಟಸ್ ವಂಶದ್ದು. ಈ ವಂಶದ ಬಹುಮಟ್ಟಿನ ಎಲ್ಲ ಜಾತಿಗಳ ತವರು ಅಮೆರಿಕಾ ಖಂಡ. ಪಾಪಾಸುಕಳ್ಳಿಯೂ ಅಲ್ಲಿಂದಲೇ ಭಾರತಕ್ಕೆ ಬಂದುದು.

ಕ್ಯಾಕ್ಟಸ್ ವಂಶದಲ್ಲಿ ಲೋಕಪ್ರಸಿದ್ಧವಾದುದು ಸಗ್ವಾರೊ ಎಂಬ ಮಹಾಕಳ್ಳಿ. ನೆಟ್ಟಗೆ ನಿಂತ ಒಂದು ಕಂಬ, ಅದರ ಎರಡು ಪಕ್ಕಗಳಲ್ಲಿ ಮೇಲಕ್ಕೆತ್ತಿದ ತೋಳುಗಳು: ಈ ಆಕಾರವು ಅಂಚೆಕಾರ್ಡು, ಲೋಟ, ಚಮಚ, ಬೀಗದ ಕೈಯ ಬಿಲ್ಲೆ ಮುಂತಾದ ಸ್ಮಾರಕ ವಸ್ತುಗಳ ಮೇಲೆ ಅಚ್ಚಾಗಿ, ಪ್ರವಾಸಿಗಳ ಸಂಗಡ ದೇಶದೇಶಗಳಿಗೆ ಹೋಗುತ್ತಿದೆ. ಚಿತ್ರವನ್ನು ಕಂಡವರು ಅನೇಕರು. ಗಿಡದ ಬಾಳನ್ನು ಅರಿತವರು ಕೆಲವರು. ಆ ಬಾಳಿನಲ್ಲಿ ಭೂಮಿಯುಳ್ಳವರೆಲ್ಲರೂ ತಿಳಿಯತಕ್ಕ ಪಾಠವೊಂದು ಅಡಗಿದೆ.

ಹುಟ್ಟುನೆಲ

ಸಗ್ವಾರೊ ತಾನಾಗಿ ಬೆಳೆಯುವುದು ಸೊನೋರಾ ಮರುಭೂಮಿಯೊಂದರಲ್ಲಿಯೇ. ಈ ಮರುಭೂಮಿಯು ಮುಖ್ಯವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅರಿಜೋನಾ ಪ್ರಾಂತದ ದಕ್ಷಿಣ ಭಾಗದಲ್ಲಿಯೂ ಮೆಕ್ಸಿಕೋ ದೇಶದ ಸೊನೋರಾ ಪ್ರಾಂತದಲ್ಲಿಯೂ ಹರಡಿದೆ. ಅಲ್ಲಿಯ ಟೂಸಾನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು ೧೧ ಅಂಗುಲ. ಕರ್ನಾಟಕದ ಒಣಸೀಮೆಯೆನಿಸಿದ ಚಳ್ಳಕೆರೆಯ ಕಡೆಯೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಅಷ್ಟು ಅಲ್ಪವಾದ ನೀರಿನಿಂದಲೇ ಸಗ್ವಾರೊ ೪೦ ಅಡಿಗಳಷ್ಟು ಎತ್ತರಕ್ಕೆ ಬೆಳೆದು, ೧೫೦ ರಿಂದ ೨೦೦ ವರ್ಷಗಳವರೆಗೆ ಬದುಕಬಲ್ಲುದು.

ನೀರನ್ನು ಕಾಯುವ ಬಗೆ

ಇದಕ್ಕೆ ಕಾರಣಗಳು ನಾಲ್ಕು. ಮೊದಲನೆಯದು ಬೇರು. ನಡುವಣ ಒಂದು ಬೇರು ಮಾತ್ರ ೨ ಅಡಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮಿಕ್ಕವು ೪ ರಿಂದ ೬ ಅಂಗುಲಗಳ ಆಳದಲ್ಲಿಯೇ, ಗಿಡದ ಎತ್ತರದಷ್ಟು ದೂರದವರೆಗೆ ಸುತ್ತಲೂ ಹರಡಿರುತ್ತವೆ. ಆದುದರಿಂದ ಸ್ವಲ್ಪ ಮಳೆ ಬಿದ್ದರೂ ಆ ನೀರು ಬಿಸಿಲಿಗೆ ಆರಿಹೋಗುವ ಮುನ್ನವೇ ಗಿಡಕ್ಕೆ ಸೇರುತ್ತದೆ. ಎರಡನೆಯದು ಕಾಂಡ. ಇದರ ಮೈಯ ಉದ್ದಕ್ಕೂ ಕಮ್ಮಾರನ ತಿದಿಯಲ್ಲಿರುವಂತೆ ಮಡಿಕೆಗಳಿವೆ. ನೀರು ತುಂಬಿದಾಗ ಮಡಿಕೆಗಳು ಬಿಚ್ಚಿ ಕಾಂಡವು ಉಬ್ಬುತ್ತದೆ. ನೀರು ತೀರುತ್ತ ಬಂದಂತೆ ಅವು ಮತ್ತೆ ಕುಗ್ಗುತ್ತವೆ. ನೀರು ತುಂಬಿದ ದೊಡ್ಡ ಗಿಡವೊಂದರ ತೂಕ ೬ ಟನ್ನುಗಳಿಗೂ ಮೀರಬಹುದು. ಮೂರನೆಯದು, ಎಲೆಗಳ ಬದಲಾಗಿ ಮುಳ್ಳುಗಳೂ ಮೈಯ ಮೇಲೆ ಮೇಣದಂತಹ ಹೊದಿಕೆಯೂ ಇರುವುದು. ನಾಲ್ಕನೆಯದು ಉಸಿರಾಟದ ಕ್ರಮ. ಸಾಮಾನ್ಯ ಗಿಡಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮ ರಂಧ್ರಗಳನ್ನು ತೆರೆಯುತ್ತವೆ. ಸಗ್ವಾರೊ ಅವುಗಳನ್ನು ರಾತ್ರಿಯ ತಂಪಿನಲ್ಲಿ ತೆರೆದು, ಬೇಕಾದ ಇಂಗಾಲಾಮ್ಲ ವಾಯುವನ್ನು ಕೂಡಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿ ಆಹಾರವನ್ನು ಸಿದ್ಧಮಾಡುತ್ತದೆ.

ಬೆಳವಣಿಗೆಯ ನಿಧಾನ

ನೀರನ್ನು ಮಿತವಾಗಿ ವೆಚ್ಚಮಾಡುವ ಗಿಡವು ಬೇಗನೆ ಬೆಳೆಯಲಾರದು. ಮೊದಲ ೮ ವರ್ಷಗಳಲ್ಲಿ ಸಗ್ವಾರೊ ಸಸಿಯ ಎತ್ತರ ಸುಮಾರು ೧ ರಿಂದ ೧½ ಅಂಗುಲ ಮಾತ್ರ. ಬಯಲಿನಲ್ಲಿ ಬಿದ್ದ ಬೀಜದ ಸಸಿಯು ಸಾಮಾನ್ಯವಾಗಿ ಉಳಿಯದು. ಪಾಲೋವೆರ್ದೆ, ಮೆಸ್ಕೀಟ್ ಮೊದಲಾದ ಮರಗಳ ನೆರಳಿನಲ್ಲಿ ಮೊಳೆತುದು ಮಾತ್ರ ಬಿಸಿಲಿನಿಂದಲೂ ಚಳಿಯಿಂದಲೂ ಪಾರಾಗುತ್ತದೆ. ಆದುದರಿಂದ ಆ ಮರಗಳಿಗೆ ದಾದಿಮರಗಳೆಂದು ಹೆಸರಾಗಿದೆ. ಹೂವು ಬಿಡುವುದಕ್ಕೆ ಸುಮಾರು ೩೫ ವರ್ಷಗಳೂ, ಮೊದಲ ತೋಳು ಮೂಡುವುದಕ್ಕೆ ೫೦ ರಿಂದ ೭೦ ವರ್ಷಗಳೂ ಹಿಡಿಯುತ್ತವೆ. ಮಳೆ ತೀರ ಕಡಿಮೆಯಾದ ಕಡೆಗಳಲ್ಲಿ ೧೦೦ ವರ್ಷಗಳಾದರೂ ಆಗಬಹುದು. ಸ್ಮಾರಕ ವಸ್ತುವಿನ ಮೇಲೆ ಒಂದು ಗಳಿಗೆಯಲ್ಲಿ ಅಚ್ಚಾಗುವ ತೋಳುಗಳು ನೆಲದಲ್ಲಿ ಮೂಡುವುದಕ್ಕೆ ಮನುಷ್ಯನ ಒಂದು ಆಯುಸ್ಸೇ ಬೇಕು.

ಇದರ ರಾತ್ರಿ ಅರಳುವ ಬಿಳಿಯ ಹೂವುಗಳಿಗೆ ಬಾವಲಿಗಳೂ, ಬೆಳಗಾದ ಮೇಲೆ ಹಕ್ಕಿಗಳೂ ಜೇನುನೊಣಗಳೂ ಬರುತ್ತವೆ. ಮರಕುಟಿಗಗಳು ಕಾಂಡವನ್ನು ಕೊರೆದು ಗೂಡು ಮಾಡುತ್ತವೆ. ಅವು ಬಿಟ್ಟುಹೋದ ಗೂಡುಗಳಲ್ಲಿ ಗೂಬೆಗಳು ಸೇರುತ್ತವೆ. ಆ ಸೀಮೆಯ ಮೂಲನಿವಾಸಿಗಳಾದ ತೊಹೋನೊ ಓದಾಮ್ ಜನರು ಬೇಸಗೆಯ ಕೊನೆಯಲ್ಲಿ, ಮಳೆಗೆ ಮುಂಚೆ, ಒಣಗಿದ ಸಗ್ವಾರೊ ಗಿಡದ ಪಕ್ಕೆಲುಬುಗಳಿಂದಲೇ ಮಾಡಿದ ಉದ್ದವಾದ ದೋಟಿಗಳಿಂದ ಹಣ್ಣನ್ನು ಕೊಯ್ದು ಪಾನಕವನ್ನೂ ಮದ್ಯವನ್ನೂ ಮಾಡುವರು. ಆ ಮದ್ಯವು ಮಳೆಯನ್ನು ಕರೆಯುವ ಅವರ ವ್ರತದಲ್ಲಿ ಬಳಸಲ್ಪಡುತ್ತದೆ.

ಚಿತ್ರದ ಸಂಚಾರ

ಸಗ್ವಾರೊ ಹೂವು ೧೯೩೧ ರಲ್ಲಿ ಅರಿಜೋನಾ ಪ್ರಾಂತದ ಅಧಿಕೃತ ಪುಷ್ಪವಾಯಿತು. ೨೦೦೮ ರಲ್ಲಿ ಆ ಪ್ರಾಂತದ ಹೆಸರಿನಲ್ಲಿ ಹೊರಟ ಕಾಲು ಡಾಲರಿನ ನಾಣ್ಯದ ಮೇಲೆ ಈ ಗಿಡದ ಚಿತ್ರವಿದೆ. ನಾಣ್ಯ ಸಂಗ್ರಹಿಸುವವರು ಅದನ್ನು ಜೋಪಾನವಾಗಿಟ್ಟುಕೊಳ್ಳುತ್ತಾರೆ. ಚಿತ್ರವು ಗಿಡಕ್ಕಿಂತ ದೂರ ನಡೆದಿದೆ. ಟೆಕ್ಸಾಸ್ ಪ್ರಾಂತದಲ್ಲಿ ಸಗ್ವಾರೊ ತಾನಾಗಿ ಬೆಳೆಯುವುದೇ ಇಲ್ಲ. ಆದರೂ ಆ ಪ್ರಾಂತದ ಹೆಸರುಳ್ಳ ಸ್ಮಾರಕ ವಸ್ತುಗಳ ಮೇಲೆ ಅದರ ಆಕಾರ ಕಾಣಬರುವುದುಂಟು. ಇದರಿಂದ ಹಾನಿಯೇನೂ ಇಲ್ಲ. ಚಿತ್ರವನ್ನು ಲಕ್ಷ ಸಲ ಅಚ್ಚುಮಾಡಿದರೂ ಗಿಡದಲ್ಲಿ ಒಂದು ಮುಳ್ಳೂ ಕಡಿಮೆಯಾಗದು.

ಹಾನಿಯುಂಟಾಗುವುದು ಜೀವಂತ ಗಿಡವನ್ನೇ ಸ್ಮಾರಕವಾಗಿ ಅಥವಾ ತೋಟದ ಅಲಂಕಾರಕ್ಕಾಗಿ ಅಗೆದು ಒಯ್ದಾಗ. ಕಳ್ಳತನವನ್ನು ತಡೆಯಲು ಟೂಸಾನ್ ಬಳಿಯ ಸಗ್ವಾರೊ ರಾಷ್ಟ್ರೀಯ ಉದ್ಯಾನದಲ್ಲಿ ಗಿಡಗಳ ಮೈಯೊಳಗೆ ಗುರುತಿನ ಸೂಕ್ಷ್ಮ ಚಿಪ್ಪುಗಳನ್ನು ಇಡಲಾಗಿದೆ. ೧೯೩೩ ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ರಕ್ಷಿಸಲ್ಪಟ್ಟ ಈ ಪ್ರದೇಶವು ೧೯೯೪ ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅರಿಜೋನಾದಲ್ಲಿ ಸ್ವಂತ ಜಮೀನಿನ ಮಾಲೀಕನು ಸಹ ಇಂತಹ ಗಿಡಗಳನ್ನು ತೆಗೆಯುವ ಮುನ್ನ ಸಾಮಾನ್ಯವಾಗಿ ಅಲ್ಲಿಯ ವ್ಯವಸಾಯದ ಇಲಾಖೆಗೆ ತಿಳಿಸತಕ್ಕದ್ದು. ಕಾನೂನು ತಡೆಯಲಾರದ ಅಪಾಯವೂ ಉಂಟು. ೨೦೨೩ ರ ಬೇಸಗೆಯಲ್ಲಿ ಫೀನಿಕ್ಸ್ ನಗರದಲ್ಲಿ ೩೧ ದಿನಗಳು ಎಡೆಬಿಡದೆ ಫ್ಯಾರನ್‌ಹೀಟ್ ೧೧೦ ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಕಾವು ಇದ್ದಿತು. ರಾತ್ರಿಗಳೂ ತಂಪಾಗದೆ ಅನೇಕ ಸಗ್ವಾರೊಗಳು ತೋಳು ಕಳಚಿ ಬಿದ್ದುವು.

ಜಮೀನುದಾರರಿಗೆ ಪಾಠ

ಅಂದಕ್ಕಾಗಿ ಕ್ಯಾಕ್ಟಸ್ ಗಿಡಗಳನ್ನು ಕೊಳ್ಳುವವರು ಬೀಜದಿಂದ ಅಥವಾ ತುಂಡಿನಿಂದ ಸಸಿತೋಟದಲ್ಲಿ ಬೆಳೆಸಿದವನ್ನೇ ಆರಿಸಬೇಕು. ತಮ್ಮ ಹೊಲದ ಬದುವಿನಲ್ಲಿಯೂ ಊರ ಗೋಮಾಳದಲ್ಲಿಯೂ ಇರುವ ಹಳೆಯ ಹುಣಿಸೆ, ಬೇವು, ಹೊಂಗೆಗಳನ್ನು ಕಡಿಯಲು ಯಾರಾದರೂ ಬೆಲೆ ಕೇಳಿದಾಗ, ಸೌದೆಯ ತೂಕದೊಡನೆ ಅವುಗಳ ವಯಸ್ಸನ್ನೂ ಎಣಿಸಿ ನೋಡುವುದು ಉಚಿತ. ಒಣನೆಲದಲ್ಲಿ ಸಸಿ ನೆಡುವಾಗ ಬಯಲಿಗಿಂತ ಪೊದೆಯ ಮರೆಯಲ್ಲಿ ನೆಡುವುದು ಲೇಸೆಂಬುದನ್ನು ದಾದಿಮರಗಳಿಂದ ಕಲಿಯಬಹುದು. ಕಡಿಯುವುದು ಒಂದು ಹಗಲಿನ ಕೆಲಸ; ಬೆಳೆಸುವುದು ಮೂರು ತಲೆಮಾರಿನ ಕೆಲಸ.